ಊರಿನ ಕೂಸಿನ ಮನೆ: ಹತ್ತು ವಾರ ಕಂಡದ್ದು

2025ರ ಏಪ್ರಿಲ್ ನಡುವಿನಲ್ಲಿ ಅವ್ವನ ಬಲಗಣ್ಣಿನ ಪೊರೆ ತೆಗೆಸಿದೆವು. ಕೆಲವು ವಾರ ಬಗ್ಗಬಾರದು, ಭಾರ ಎತ್ತಬಾರದು, ಕಣ್ಣಿಗೆ ದೂಳು ತಾಕಿಸಬಾರದು ಎಂದು ವೈದ್ಯರು ಹೇಳಿ ಕಳಿಸಿದರು. ಈ ಮೂರನ್ನೂ ಬಿಟ್ಟರೆ ಎಪ್ಪತ್ತನಾಲ್ಕು ವರ್ಷದ ಅವ್ವನಿಗೆ ದಿನದಲ್ಲಿ ಬೇರೆ ಕೆಲಸವೇ ಇರಲಿಲ್ಲ. ತಮ್ಮನ ಹೆಂಡತಿ ಮತ್ತು ಅವಳ ಸೊಸೆ ಇಬ್ಬರೂ ಉದ್ಯೋಗ ಖಾತ್ರಿಯ (ನರೇಗಾ) ಕೆಲಸಕ್ಕೆ ಹೊರಟ ಮೇಲೆ, ಒಂದು ವರ್ಷ ಎರಡು ತಿಂಗಳ ಮರಿಮಗಳನ್ನು ಎತ್ತಿ, ಇಳಿಸಿ, ತೊಳೆದು, ಉಣಿಸಿ, ಅಂಗಳದ ದೂಳಿನಿಂದ ಎಳೆದು ತರುತ್ತಿದ್ದವಳು ಅವಳೇ. ಅವಳನ್ನು ನೋಡಿಕೊಳ್ಳಲೆಂದು ಬೆಂಗಳೂರಿನಿಂದ ಚಿತ್ರದುರ್ಗ ಜಿಲ್ಲೆಯ ನಮ್ಮೂರಿಗೆ ಹೋದ ನಾನು, ಕೂಸನ್ನು ಕೂಲಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳನ್ನು ಹಗಲು ನೋಡಿಕೊಳ್ಳುವ ಪಂಚಾಯಿತಿಯ ಕೂಸಿನ ಮನೆಗೆ ಸೇರಿಸೋಣ ಎಂದಾಗ ಅವ್ವ ಹೇಳಿದ್ದು ಒಂದೇ ಮಾತು: "ನಾನಿನ್ನೂ ಬದುಕಿರೋವಾಗ್ಲೇ ಕೂಸನ್ನ ಪಂಚಾಯ್ತಿಗೆ ಕೊಡ್ತೀರೇನ್ರೇ?"

ಕೊಟ್ಟೆವು. ಏಪ್ರಿಲ್ ಕೊನೆಯ ವಾರದ ಹಿಂದಿನ ಸೋಮವಾರದಿಂದ ಜೂನ್ ತಿಂಗಳ ಕೊನೆಯವರೆಗೆ ಹತ್ತು ವಾರ, ನಾನೇ ಬಹುಪಾಲು ದಿನ ಕೂಸನ್ನು ಬಿಟ್ಟು ಕರೆತರುತ್ತಿದ್ದೆ. ಆ ಅನುಭವದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಅಂಕ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಅಲ್ಲಿ ದುಡಿಯುವ ಹೆಂಗಸರಿಗೆ ಐದಕ್ಕೆ ಐದು, ಅವರನ್ನು ಲೆಕ್ಕ ಹಾಕುವ ಕ್ರಮಕ್ಕೆ ಎರಡು.

ಯೋಜನೆಯ ಹಿನ್ನೆಲೆ ಗೊತ್ತಿಲ್ಲದವರಿಗಾಗಿ ಒಂದಿಷ್ಟು ವಿವರ ಬೇಕು. ಅಂಗನವಾಡಿ ನಮ್ಮ ನಾಡಿಗೆ ಹೊಸದಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ತಿರುಮಕೂಡಲು ನರಸೀಪುರವನ್ನು. ಆದರೆ ಅಂಗನವಾಡಿಯಲ್ಲಿ ಕೂತು ಆಡಿ ಕಲಿಯುವುದು ಮೂರು ವರ್ಷ ತುಂಬಿದ ಮಕ್ಕಳು. ಆರು ತಿಂಗಳಿಂದ ಮೂರು ವರ್ಷದ ಕೂಸುಗಳ ಪಾಲಿಗೆ ಅದು ಪೌಷ್ಟಿಕ ಪುಡಿಯ ಪೊಟ್ಟಣವನ್ನು ಮನೆಗೆ ಕೊಟ್ಟು ಕಳಿಸುವ, ತೂಕ ನೋಡುವ ಜಾಗವೇ ಹೊರತು ಹಗಲೆಲ್ಲ ಇರುವ ಜಾಗವಲ್ಲ. ಎದೆಹಾಲು ಬಿಡದ, ನಡೆಯಲು ಬಾರದ, ಬಾಯಿಗೆ ಸಿಕ್ಕಿದ್ದನ್ನೆಲ್ಲ ಹಾಕಿಕೊಳ್ಳುವ ಈ ವಯಸ್ಸಿನ ಮಕ್ಕಳನ್ನು ನೋಡಿಕೊಳ್ಳುವ ಹೊಣೆಯನ್ನು ಎಲ್ಲ ಸರ್ಕಾರಗಳೂ ಬಹುಕಾಲ ಅಜ್ಜಿಯರಿಗೆ ಬಿಟ್ಟಿದ್ದವು, ಅದೂ ಅವರನ್ನು ಒಂದು ಮಾತು ಕೇಳದೆ.

ಕಾಯ್ದೆಯಲ್ಲಿ ಕೂಸುಗಳ ಮಾತು ಇರಲೇ ಇಲ್ಲ ಎನ್ನುವಂತಿಲ್ಲ. 1948ರ ಕಾರ್ಖಾನೆ ಕಾಯ್ದೆಯು ಮೂವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಶಿಶುವಿಹಾರ ಇರಬೇಕೆಂದಿತು. 2017ರ ತಿದ್ದುಪಡಿಯ ನಂತರ ಹೆರಿಗೆ ಸೌಲಭ್ಯ ಕಾಯ್ದೆಯು ಐವತ್ತು ಮಂದಿ ನೌಕರರಿರುವ ಸಂಸ್ಥೆಗಳಿಗೂ ಅದನ್ನು ಕಡ್ಡಾಯ ಮಾಡಿತು. 2005ರ ಉದ್ಯೋಗ ಖಾತರಿ ಕಾಯ್ದೆಯ ಅನುಸೂಚಿಯಲ್ಲೇ, ಕೆಲಸದ ಜಾಗಕ್ಕೆ ಐದು ಅಥವಾ ಹೆಚ್ಚು ಪುಟ್ಟ ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಿ ಅವಳಿಗೂ ಕೂಲಿ ಕೊಡಬೇಕು ಎಂದು ಬರೆದಿತ್ತು. ನಮ್ಮೂರಿನ ಕೆರೆಯ ಹೂಳೆತ್ತುವಾಗ ನಾನು ಕಂಡಂತೆ ಅದರ ಆಚರಣೆ ಎಂದರೆ ಏರಿಯ ಮೇಲಿನ ಬೇವಿನ ಮರದ ಕೊಂಬೆಗೆ ಸೀರೆಯ ಜೋಲಿ ಕಟ್ಟಿ, ಕಣ್ಣು ಸರಿಯಾಗಿ ಕಾಣದ ಒಬ್ಬ ಮುದುಕಿಯನ್ನು ಪಕ್ಕದಲ್ಲಿ ಕೂರಿಸುವುದು. 2023-24ರ ಬಜೆಟ್‌ನಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆಗಳನ್ನು ತೆರೆಯುವುದಾಗಿ ಹೇಳಿತು. ನಾಡಿನಲ್ಲಿರುವ ಸುಮಾರು 6,000 ಪಂಚಾಯಿತಿಗಳ ಲೆಕ್ಕದಲ್ಲಿ ಇದು ಸಣ್ಣ ಮಾತಲ್ಲ. ಮರದ ಜೋಲಿಯನ್ನು ಸೂರಿನ ಕೆಳಗೆ ತಂದದ್ದೇ ಈ ಯೋಜನೆಯ ಮೊದಲ ಸಾಧನೆ.

ನಮ್ಮೂರಿನ ಕೂಸಿನ ಮನೆ ಇರುವುದು ಹಳೆಯ ಶಾಲೆಯ ಎರಡು ಕೋಣೆಗಳಲ್ಲಿ. ಹೆಂಚಿನ ಸೂರು, ಹಸಿರು ಬಣ್ಣ ಬಳಿದ ಗೋಡೆ, ಆನೆ, ನವಿಲು, ತೆಂಗಿನ ಮರಗಳ ಚಿತ್ರ. ಬಾಗಿಲಿಗೆ ಸೊಂಟದೆತ್ತರದ ಮರದ ಅಡ್ಡಗೇಟು ಇದೆ, ಅದರ ಚಿಲಕ ಹೊರಗಡೆ ಇದೆ. ತೆವಳುವ ಕೂಸು ಹೊರಬೀಳದ ಹಾಗೆ ಯಾರೋ ಯೋಚಿಸಿ ಮಾಡಿಸಿದ್ದಾರೆ. ತೊಲೆಗೆ ಮೂರು ಜೋಲಿಗಳು, ನೆಲಕ್ಕೆ ದಪ್ಪ ಚಾಪೆ, ಒಂದು ಮೂಲೆಯಲ್ಲಿ ಮರದ ಆಟಿಕೆ, ಇನ್ನೊಂದರಲ್ಲಿ ತೂಕದ ಯಂತ್ರ. ದಾಖಲಾದ ಮಕ್ಕಳು ಹದಿನೇಳು. ನಾನು ಹೋದ ದಿನಗಳಲ್ಲಿ ಹನ್ನೊಂದಕ್ಕಿಂತ ಕಡಿಮೆ ಎಂದೂ ಇರಲಿಲ್ಲ. ಅಂಗಳದಲ್ಲಿದ್ದ ನೀರಿನ ಸಂಪಿನ ಮುಚ್ಚಳ ಮಾತ್ರ ಒಡೆದಿತ್ತು. ಮೊದಲ ದಿನವೇ ಅದನ್ನು ಕಂಡು ಎದೆ ಝಲ್ಲೆಂದಿತು. ಪಂಚಾಯಿತಿಗೆ ಹೇಳಿದ ಮೇಲೆ ಕಲ್ಲುಚಪ್ಪಡಿ ಎಳೆಯಲು ಅವರಿಗೆ ಹನ್ನೆರಡು ದಿನ ಬೇಕಾಯಿತು. ಅಲ್ಲಿಯವರೆಗೆ ಆರೈಕೆಯವರೇ ಅದರ ಮೇಲೆ ಹಳೆಯ ಬೆಂಚು ಬೋರಲು ಹಾಕಿ, ಬೆಂಚಿನ ಮೇಲೆ ಮುಳ್ಳಿನ ಕೊಂಬೆ ಇಟ್ಟಿದ್ದರು. ನಿಮ್ಮೂರಿನಲ್ಲಿ ಮಗುವನ್ನು ಸೇರಿಸುವ ಮುನ್ನ ನೀರು ಎಲ್ಲಿದೆ ಎಂಬುದನ್ನು ಮೊದಲು ನೋಡಿ, ಗೋಡೆಯ ಚಿತ್ರಗಳನ್ನು ಆಮೇಲೆ ನೋಡಬಹುದು.

ಆಹಾರದ ಬಗ್ಗೆ ನನಗೆ ದೂರಿಲ್ಲ. ಬಂದ ಮಕ್ಕಳಿಗೆ ಮೊದಲು ರಾಗಿ ಸರಿ, ಮಧ್ಯಾಹ್ನ ಬೇಳೆ ಮತ್ತು ಸೊಪ್ಪು ಸೇರಿಸಿ ಮೆತ್ತಗೆ ಬೇಯಿಸಿದ ಅನ್ನ, ಕೆಲವು ದಿನ ಮೊಟ್ಟೆ, ಎದ್ದ ಮೇಲೆ ಬಾಳೆಹಣ್ಣು. ಶೇಂಗಾ ಬೆಳೆಯುವ ಊರು ನಮ್ಮದು. ಮನೆಗಳಲ್ಲಿ ಕೂಸಿನ ಕೈಗೆ ಇಡೀ ಬೀಜ ಕೊಟ್ಟು ಸುಮ್ಮನಾಗಿಸುವುದು ರೂಢಿ. ಇಲ್ಲಿ ಅದನ್ನು ಹುರಿದು, ನುಣ್ಣಗೆ ಕುಟ್ಟಿ, ಬೆಲ್ಲ ಬೆರೆಸಿ ಮಾತ್ರ ಕೊಡುತ್ತಿದ್ದರು. ಯಾಕೆಂದು ಕೇಳಿದಾಗ, "ಇಡೀ ಬೀಜ ಉಸಿರುನಾಳಕ್ಕೆ ಹೋದ್ರೆ ಜೀವಕ್ಕೇ ಬರುತ್ತೆ ಅಂತ ಟ್ರೈನಿಂಗ್‌ನಾಗೆ ಹೇಳವ್ರೆ" ಎಂದು ಒಬ್ಬ ಆರೈಕೆದಾರೆ ಹೇಳಿದಳು. ಈ ಆರೈಕೆದಾರರ ತರಬೇತಿಯಲ್ಲಿ ಮೊಬೈಲ್ ಕ್ರೆಷಸ್ ಸಂಸ್ಥೆಯೂ ಕೈಜೋಡಿಸಿದೆ. 1969ರಲ್ಲಿ ದೆಹಲಿಯ ಕಟ್ಟಡ ಕೆಲಸದ ಜಾಗದಲ್ಲಿ, ಇಟ್ಟಿಗೆ ಹೊರುವ ತಾಯಂದಿರ ಮಕ್ಕಳಿಗಾಗಿ ಮೀರಾ ಮಹಾದೇವನ್ ಅವರು ಶುರುಮಾಡಿದ ಸಂಸ್ಥೆ ಅದು. ಅರ್ಧ ಶತಮಾನದ ಆ ಅನುಭವ ನಮ್ಮೂರಿನ ಒರಳಿನವರೆಗೆ ಇಳಿದು ಬಂದಿರುವುದನ್ನು ನೋಡಿ ಸಂತೋಷವಾಯಿತು.

ಸೇರಿಸಿದ ದಿನ ಕೂಸಿನ ತೋಳಿಗೆ ಮೂರು ಬಣ್ಣದ ಅಳತೆಪಟ್ಟಿ ಸುತ್ತಿದರು. ತೋಳಿನ ಸುತ್ತಳತೆ 12.5 ಸೆಂಟಿಮೀಟರ್ ದಾಟಿದರೆ ಹಸಿರು, 11.5ಕ್ಕಿಂತ ಕಡಿಮೆಯಾದರೆ ಕೆಂಪು, ನಡುವೆ ಹಳದಿ. ನಮ್ಮ ಕೂಸು 12.2, ಹಳದಿ. ಮನೆಯಲ್ಲಿ ಹಾಲು, ಹೊಲದಲ್ಲಿ ರಾಗಿ ಇದ್ದೂ ಹೀಗೇಕೆ ಎಂದು ಯೋಚಿಸಿದಾಗ ಕಾರಣ ತಟ್ಟೆಯಲ್ಲಿ ಇರಲಿಲ್ಲ, ಕೈಯಲ್ಲಿತ್ತು. ಈ ವಯಸ್ಸಿನ ಮಗುವಿಗೆ ಸ್ವಲ್ಪಸ್ವಲ್ಪವಾಗಿ ದಿನಕ್ಕೆ ನಾಲ್ಕೈದು ಸಲ, ಅದು ಮುಖ ತಿರುಗಿಸಿದರೂ ಬೆನ್ನುಬಿಡದೆ ಉಣಿಸಬೇಕು. ಮಂಡಿನೋವಿನ, ಪೊರೆ ಬಂದ ಕಣ್ಣಿನ ಅವ್ವ ಎಷ್ಟು ಸಲ ಅದರ ಹಿಂದೆ ಓಡಿಯಾಳು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, ಶೇ. 32.9ರಷ್ಟು ಮಂದಿ ವಯಸ್ಸಿಗೆ ತಕ್ಕ ತೂಕವಿಲ್ಲದವರು. ಈ ಅಂಕಿಗಳನ್ನು ನಾವು ಬಡತನದ ಲೆಕ್ಕ ಎಂದು ಓದುತ್ತೇವೆ. ಉಣಿಸುವವರ ಸುಸ್ತಿನ ಲೆಕ್ಕವೂ ಅದರೊಳಗೆ ಸೇರಿದೆ ಎಂದು ನನಗೆ ಹೊಳೆದದ್ದು ಆ ಬೇಸಿಗೆಯಲ್ಲಿ. ಜೂನ್ ಕೊನೆಗೆ ಪಟ್ಟಿ 12.7 ತೋರಿಸಿತು.

ಇನ್ನು ದೂರುಗಳು. ಮೊದಲನೆಯದು ವೇಳೆ. ನಮ್ಮೂರಿನ ಕೂಸಿನ ಮನೆಯ ಗೋಡೆಯ ಮೇಲೆ ಬೆಳಿಗ್ಗೆ 9.30ರಿಂದ ಸಂಜೆ 5 ಎಂದು ಬರೆದಿದೆ. ಬೇಸಿಗೆಯ ಖಾತ್ರಿ ಕೆಲಸ ಶುರುವಾಗುವುದು ಬೆಳಿಗ್ಗೆ ಏಳಕ್ಕೆ, ಏಕೆಂದರೆ ಬಿಸಿಲೇರಿದ ಮೇಲೆ ಕೆರೆಯಂಗಳದಲ್ಲಿ ಗುದ್ದಲಿ ಹಿಡಿಯಲಾಗದು. 2023ರ ಜನವರಿಯಿಂದ ಹಾಜರಾತಿಯನ್ನು ಮೊಬೈಲ್ ಆ್ಯಪ್‌ನಲ್ಲಿ ದಿನಕ್ಕೆ ಎರಡು ಸಲ ಫೋಟೊ ತೆಗೆದು ಹಾಕುವುದು ವೈಯಕ್ತಿಕ ಕಾಮಗಾರಿಗಳನ್ನು ಬಿಟ್ಟು ಉಳಿದೆಲ್ಲಕ್ಕೂ ಕಡ್ಡಾಯವಾಗಿದ್ದರಿಂದ, ಕೂಲಿಗುಂಪಿನ ಮೇಟಿಯಾದ ಕಾಯಕ ಬಂಧು ಬೆಳಗಿನ ಫೋಟೊ ತೆಗೆಯುವಾಗ ಅಲ್ಲಿ ಇಲ್ಲದವರಿಗೆ ಅಂದಿನ ಕೂಲಿಯಿಲ್ಲ. ಆರೂವರೆಗೆ ಮನೆ ಬಿಡುವ ತಾಯಿಯ ಕೂಸನ್ನು ಒಂಬತ್ತೂವರೆಯವರೆಗೆ ಯಾರು ನೋಡಬೇಕು? ಎರಡನೆಯ ಫೋಟೊ ಮುಗಿಸಿ ಮಧ್ಯಾಹ್ನ ಮೂರಕ್ಕೆ ತಾಯಂದಿರು ಮನೆಗೆ ಬಂದ ಮೇಲೆ ಐದರವರೆಗೆ ಖಾಲಿ ಜೋಲಿ ಯಾಕೆ? ಗೋಡೆಯ ಮೇಲಿನ ವೇಳೆ ಕಚೇರಿಯ ವೇಳೆಯೇ ಹೊರತು ಕೂಲಿಯ ವೇಳೆಯಲ್ಲ. ಏಳೆಂಟು ತಾಯಂದಿರು ಪಂಚಾಯಿತಿಗೆ ಹೋಗಿ ಕೇಳಿದಾಗ ಬರೆದುಕೊಡಿ ಎಂದರು, ಬರೆದುಕೊಟ್ಟೆವು. ಉತ್ತರ ಬರಲಿಲ್ಲ. ಆದರೆ ಆರೈಕೆದಾರರಲ್ಲಿ ಒಬ್ಬಳು, ಮನೆ ಹತ್ತಿರವೇ ಇದ್ದವಳು, ಮೇ ತಿಂಗಳಿಂದ ತಾನಾಗಿ ಏಳಕ್ಕೆ ಬೀಗ ತೆಗೆಯತೊಡಗಿದಳು. ಆ ಎರಡೂವರೆ ಗಂಟೆಗೆ ಅವಳಿಗೆ ಯಾವ ಲೆಕ್ಕದಲ್ಲೂ ಹಣವಿಲ್ಲ.

ಎರಡನೆಯದು ಇದಕ್ಕಿಂತ ಭಾರವಾದದ್ದು. ಕೂಸಿನ ಮನೆಯ ಆರೈಕೆದಾರರು ನೌಕರರಲ್ಲ. ಅವರೂ ಖಾತ್ರಿ ಕೆಲಸದ ಜಾಬ್ ಕಾರ್ಡಿನ ಕೂಲಿಯವರೇ. 2025-26ಕ್ಕೆ ಕರ್ನಾಟಕದಲ್ಲಿ ನಿಗದಿಯಾದ ಕೂಲಿ ದಿನಕ್ಕೆ 370 ರೂಪಾಯಿ, ಹಿಂದಿನ ವರ್ಷ 349 ಇತ್ತು. ಗುದ್ದಲಿ ಹಿಡಿಯುವುದಕ್ಕೂ ಕೂಸು ಹಿಡಿಯುವುದಕ್ಕೂ ಒಂದೇ ಕೂಲಿ ಎಂಬುದರಲ್ಲಿ ಒಂದು ಬಗೆಯ ನ್ಯಾಯವಿದೆ, ಅದನ್ನು ನಾನು ಮೆಚ್ಚುತ್ತೇನೆ. ಇಷ್ಟು ಕಾಲ ಎರಡನೆಯದಕ್ಕೆ ಕೂಲಿಯೇ ಇರಲಿಲ್ಲ. ಆದರೆ ಆಗ ಖಾತರಿ ಇದ್ದದ್ದು ವರ್ಷಕ್ಕೆ ನೂರು ದಿನಕ್ಕೆ, ಅದೂ ಒಬ್ಬರಿಗಲ್ಲ, ಒಂದು ಕುಟುಂಬಕ್ಕೆ. ಆದ್ದರಿಂದ ಒಂದು ಪಂಚಾಯಿತಿಯಲ್ಲಿ ಹಲವರಿಗೆ ತರಬೇತಿ ಕೊಟ್ಟು, ಒಬ್ಬರ ದಿನಗಳು ಮುಗಿದಂತೆ ಇನ್ನೊಬ್ಬರನ್ನು ಕರೆಯುತ್ತಿದ್ದರು. ಹೂಳೆತ್ತುವ ಕೆಲಸಕ್ಕೆ ಇದು ಸರಿ. ಯಾರು ಎತ್ತಿದರೂ ಹೂಳಿಗೆ ಗೊತ್ತಾಗುವುದಿಲ್ಲ.

ನಮ್ಮ ಕೂಸು ಸೇರಿದಾಗ ಇದ್ದ ಇಬ್ಬರಲ್ಲಿ ಒಬ್ಬಳಿಗೆ, ಅದೇ ಏಳಕ್ಕೆ ಬೀಗ ತೆಗೆಯುತ್ತಿದ್ದವಳಿಗೆ, ಅದು ಅಂಟಿಕೊಂಡಿತು. ಮೊದಲ ನಾಲ್ಕು ದಿನ ಗೇಟು ಕಂಡೊಡನೆ ಅಳು. ಐದನೆಯ ದಿನ ಅವಳ ಸೊಂಟಕ್ಕೆ ಜಿಗಿಯಿತು. ಅದಕ್ಕೆ ಯಾರದಾದರೂ ಬಲಗಿವಿಯ ತುದಿ ಹಿಡಿಯದೆ ನಿದ್ದೆ ಬರುವುದಿಲ್ಲ. ಮನೆಯಲ್ಲಿ ಅವ್ವನ ಕಿವಿಯಾದರೆ ಇಲ್ಲಿ ಇವಳದು. ಜೋಲಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಕಿವಿಯನ್ನು ಕೂಸಿನ ಕೈಗೆ ಒಪ್ಪಿಸಿ, ಇನ್ನೊಂದು ಕೈಯಲ್ಲಿ ಬೇರೊಂದು ಜೋಲಿ ತೂಗುತ್ತಿದ್ದ ಅವಳನ್ನು ನಾನು ಎಷ್ಟೋ ಮಧ್ಯಾಹ್ನ ನೋಡಿದ್ದೇನೆ. ಅವಳ ಗಂಡ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಕೆರೆ ಕೆಲಸಕ್ಕೆ 38 ದಿನ ಹೋಗಿದ್ದ. ಆ ಕಾರ್ಡಿನಲ್ಲಿ ಉಳಿದದ್ದು 62 ದಿನ. ಜೂನ್ ಎರಡನೆಯ ವಾರದ ಒಂದು ಬೆಳಿಗ್ಗೆ ನಾವು ಹೋದಾಗ ಗೇಟಿನಲ್ಲಿ ಬೇರೆ ಮುಖವಿತ್ತು. ಹಿಂದಿನ ಸಂಜೆ ಯಾರೂ ಏನೂ ಹೇಳಿರಲಿಲ್ಲ, ಏಕೆಂದರೆ ದಿನಗಳು ಮುಗಿದದ್ದು ಅವಳಿಗೇ ಗೊತ್ತಾದದ್ದು ಹಿಂದಿನ ರಾತ್ರಿ. ಹೊಸಬಳೂ ತರಬೇತಿ ಪಡೆದವಳೇ, ಒಳ್ಳೆಯವಳೇ. ಆದರೂ ಆರು ದಿನ ಕೂಸು ಮಧ್ಯಾಹ್ನ ಮಲಗಲಿಲ್ಲ. ಅದರ ಜೊತೆಗೆ ಇನ್ನೂ ಮೂರು ಮಕ್ಕಳು ಸರದಿಯ ಮೇಲೆ ಅತ್ತವು, ಎರಡು ಮಕ್ಕಳನ್ನು ಅವರ ಅಜ್ಜಿಯರು ವಾಪಸು ಕರೆದೊಯ್ದರು.

ಇದಕ್ಕೆ ಹಣದ ಮುಖವೂ ಇದೆ. ಇಡೀ ಕುಟುಂಬದ ನೂರು ದಿನವನ್ನೂ ಒಬ್ಬ ಆರೈಕೆದಾರೆಯೇ ಬಳಸಿದರೂ ಅವಳ ಆ ವರ್ಷದ ದುಡಿಮೆ 37,000 ರೂಪಾಯಿ, ಮತ್ತು ಅಷ್ಟರಲ್ಲಿ ಅವಳ ಗಂಡನ ಪಾಲಿನ ಖಾತ್ರಿ ಕೆಲಸ ಸೊನ್ನೆಯಾಗಿರುತ್ತದೆ. ಕೂಸಿನ ಮನೆಗೆ ಹೋಗಬೇಡ, ನನ್ನ ದಿನಗಳನ್ನು ತಿನ್ನುತ್ತೀಯ ಎಂದು ಮನೆಯಲ್ಲಿ ಜಗಳವಾಗುವುದನ್ನು ಅವರೇ ನಗುತ್ತ ಹೇಳಿದರು. ಕೂಲಿಯ ಹಣವನ್ನು ಖಾತರಿಯ ಲೆಕ್ಕದಿಂದಲೇ ತರಲಿ, ಆದರೆ ಆರೈಕೆಯ ದಿನಗಳನ್ನು ಕುಟುಂಬದ ನೂರರಿಂದ ಹೊರಗಿಟ್ಟು, ಒಂದೊಂದು ಮನೆಗೆ ಕನಿಷ್ಠ ಇಬ್ಬರನ್ನು ವರ್ಷವಿಡೀ ಉಳಿಸಿಕೊಳ್ಳುವಂತೆ ರಾಜ್ಯವೇ ತನ್ನ ಕೈಯಿಂದ ಸ್ವಲ್ಪ ಸೇರಿಸಬಾರದೇಕೆ? ಗೃಹಲಕ್ಷ್ಮಿಯ ಹೆಸರಿನಲ್ಲಿ ತಿಂಗಳಿಗೆ ಎರಡು ಸಾವಿರ ರೂಪಾಯಿಯನ್ನು ಮನೆ ಮನೆಗೂ ತಲುಪಿಸಬಲ್ಲ ಸರ್ಕಾರಕ್ಕೆ ಪಂಚಾಯಿತಿಗೆ ಇಬ್ಬರು ಆರೈಕೆದಾರರು ಭಾರವಾಗಲಾರರು.

ಬೆಂಗಳೂರಿನಲ್ಲಿ ನನ್ನ ಮಗಳು ತನ್ನ ಮಗುವಿನ ಡೇ ಕೇರ್‌ಗೆ ತಿಂಗಳಿಗೆ ಹನ್ನೆರಡು ಸಾವಿರ ರೂಪಾಯಿ ಕೊಡುತ್ತಾಳೆ. ಅಲ್ಲಿ ಸಿಸಿಟಿವಿ ಇದೆ, ಮಗು ಏನು ತಿಂದಿತು ಎಂದು ಗಂಟೆಗೊಮ್ಮೆ ಮೊಬೈಲಿಗೆ ಫೋಟೊ ಬರುತ್ತದೆ, ಹೋದ ವರ್ಷದಲ್ಲಿ ಆಯಾ ನಾಲ್ಕು ಸಲ ಬದಲಾಗಿದ್ದಾಳೆ. ಕೈ ಬದಲಾಗುವ ಕಷ್ಟ ಹಳ್ಳಿಗಷ್ಟೇ ಸೀಮಿತವಲ್ಲ ಎಂದು ಹೇಳಲು ಈ ಮಾತು.

ಇನ್ನು ಅವ್ವನ ಕಡೆಗೆ ಬರುತ್ತೇನೆ. ಈ ಸೇವೆಯ ಫಲಾನುಭವಿಗಳ ಪಟ್ಟಿಯಲ್ಲಿ ಕೂಸು ಇದೆ, ತಾಯಿ ಇದ್ದಾಳೆ, ಅಜ್ಜಿ ಇಲ್ಲ. ಆದರೆ ಮೊದಲ ವಾರ ಮುಗಿಯುವಷ್ಟರಲ್ಲಿ ಹೆಚ್ಚು ಬದಲಾದವಳು ಅವಳೇ. ಎರಡು ವರ್ಷದ ಮೇಲೆ ಮಧ್ಯಾಹ್ನ ಬಾಗಿಲು ಹಾಕಿ ನಿದ್ದೆ ಮಾಡಿದಳು. ಕಣ್ಣಿಗೆ ಹನಿ ಹಾಕುವ ಹೊತ್ತು ತಪ್ಪಲಿಲ್ಲ. ತಿಂಗಳಿಗೆ 1,200 ರೂಪಾಯಿ ಬರುವ ಸಂಧ್ಯಾ ಸುರಕ್ಷಾ ಪಿಂಚಣಿ ಎರಡು ಕಂತು ಬಾಕಿ ನಿಂತಿತ್ತು. ಅದನ್ನು ವಿಚಾರಿಸಲು ನಾಡಕಚೇರಿಗೆ ತಾನೇ ಬಸ್ಸು ಹತ್ತಿ ಹೋದಳು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಆಧಾರ್ ಜೆರಾಕ್ಸ್‌ನ ಸಾಲಿನಲ್ಲಿ ನಿಲ್ಲಲಾಗದೆ ಅಷ್ಟು ದಿನ ಮುಂದೂಡಿದ್ದಳಂತೆ. ಹಿರಿಯರಿಗೆಂದು 14567 ಎಂಬ ಸಹಾಯವಾಣಿ ಇದೆ ಎಂದು ನಾನು ಹೇಳಿದಾಗ, "ಫೋನಿನಾಗೆ ಕೂಸು ಎತ್ಕಂತಾರಾ?" ಎಂದು ಕೇಳಿದಳು. ಪಟ್ಟಣಗಳಲ್ಲಿ ಹಿರಿಯರಿಗೆ ಹಗಲು ಕೂತು ಹೋಗುವ ಕೇಂದ್ರಗಳು ಅಲ್ಲೊಂದು ಇಲ್ಲೊಂದು ಕಾಣಿಸುತ್ತವೆ. ಹಳ್ಳಿಯ ಮುದುಕಿಗೆ ಈಗಲೂ ಇರುವುದು ಗುಡಿಯ ಕಟ್ಟೆ, ಅದರಲ್ಲೂ ಅರ್ಧ ಗಂಡಸರ ಪಾಲು.

ಮೂರನೆಯ ವಾರದಿಂದ ಅವ್ವ ಕೂಸಿನ ಮನೆಗೆ ಬಂದು ಕೂರತೊಡಗಿದಳು. ಕೂಸನ್ನು ನೋಡಲು ಎಂದು ನೆಪ. ನಿಜವಾಗಿ ಅಲ್ಲಿ ಇನ್ನೂ ಮೂವರು ಅಜ್ಜಿಯರು ಬರುತ್ತಿದ್ದರು. ಎಲೆಯಡಿಕೆ ಮೆಲ್ಲುತ್ತ, ಸೊಪ್ಪು ಬಿಡಿಸಿಕೊಡುತ್ತ, ಅವರ ಕೂಸು ಇವರ ಕೂಸು ಎನ್ನದೆ ಅತ್ತದ್ದನ್ನು ಎತ್ತುತ್ತ ಹನ್ನೆರಡರವರೆಗೆ ಇರುತ್ತಿದ್ದರು. ಆರೈಕೆದಾರರಿಗೆ ಎಲೆಯಡಿಕೆ ವಿಷಯದಲ್ಲಿ ಮಾತ್ರ ತಕರಾರು: ಮಕ್ಕಳು ನೆಲದಲ್ಲಿ ಬಿದ್ದ ಅಡಿಕೆ ಚೂರನ್ನು ಬಾಯಿಗೆ ಹಾಕಿಕೊಳ್ಳುತ್ತವೆ. ಸಂಚಿಯನ್ನು ಗೇಟಿನ ಹೊರಗಿನ ಮೊಳೆಗೆ ನೇತುಹಾಕಿ ಒಳಗೆ ಬರಬೇಕು ಎಂದು ನಿಯಮವಾಯಿತು, ಅಜ್ಜಿಯರು ಗೊಣಗುತ್ತ ಒಪ್ಪಿದರು. ಎರಡನೆಯ ಕೋಣೆಯ ಅರ್ಧದಷ್ಟು ಜಾಗ ಮುರಿದ ಡೆಸ್ಕುಗಳಿಂದ ತುಂಬಿದೆ. ಅದನ್ನು ತೆರವು ಮಾಡಿ, ನಾಲ್ಕು ಒರಗು ಕುರ್ಚಿ ಹಾಕಿಸಿ, ಹಿರಿಯರೂ ಹಗಲು ಇರುವ ಜಾಗವೆಂದು ಪಂಚಾಯಿತಿ ಒಂದು ಠರಾವು ಮಾಡಿದರೆ ಹೊಸ ಕಟ್ಟಡವೂ ಬೇಡ, ಹೊಸ ಯೋಜನೆಯ ಹೆಸರೂ ಬೇಡ. ಮಕ್ಕಳ ಹೊಣೆ ಮಾತ್ರ ಕೂಲಿ ಪಡೆಯುವವರದ್ದಾಗಿಯೇ ಉಳಿಯಬೇಕು. ಅಜ್ಜಿಯರನ್ನು ಪುಕ್ಕಟೆ ಆರೈಕೆದಾರರನ್ನಾಗಿ ಮಾಡಿದರೆ ಮತ್ತೆ ಬೇವಿನ ಮರದ ಕೆಳಗೇ ಹೋದಂತೆ.

ಸೇರಿಸಲು ಹೊರಟವರಿಗೆ ಕೆಲವು ಮಾತು. ನಮ್ಮಲ್ಲಿ ಕೇಳಿದ್ದು ಜಾಬ್ ಕಾರ್ಡ್, ತಾಯಿ ಕಾರ್ಡ್ ಮತ್ತು ಕೂಸಿನ ಜನನ ಪ್ರಮಾಣಪತ್ರದ ಪ್ರತಿಗಳನ್ನು, ಶುಲ್ಕವಿಲ್ಲ. ಮೇ ಕೊನೆಗೆ ನಮ್ಮ ಮನೆಯ ಕಾರ್ಡಿನ ನೂರು ದಿನ ಮುಗಿದು ಅತ್ತೆ ಸೊಸೆ ಇಬ್ಬರೂ ಶೇಂಗಾ ಬಿತ್ತನೆಯ ಕೂಲಿಗೆ ಹೋಗತೊಡಗಿದ ಮೇಲೂ ಕೂಸನ್ನು ಬಿಟ್ಟುಕೊಳ್ಳುವುದನ್ನು ನಿಲ್ಲಿಸಲಿಲ್ಲ. ಆದರೂ ಈ ಪ್ರಶ್ನೆಯನ್ನು ನಿಮ್ಮ ಪಂಚಾಯಿತಿಯಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ. ಕೂಸನ್ನು ಕರೆದೊಯ್ಯಲು ಯಾರು ಬರಬಹುದು ಎಂಬುದನ್ನು ವಹಿಯಲ್ಲಿ ಬರೆಸಿ. ಮತ್ತು ಈಗಿರುವ ಆರೈಕೆದಾರೆಯ ಕಾರ್ಡಿನಲ್ಲಿ ಎಷ್ಟು ದಿನ ಉಳಿದಿದೆ ಎಂದು ಸಂಕೋಚವಿಲ್ಲದೆ ಕೇಳಿ, ಸರದಿ ಬದಲಾಗುವ ಮುನ್ನ ಮೂರು ದಿನವಾದರೂ ಹಳಬಳೂ ಹೊಸಬಳೂ ಒಟ್ಟಿಗಿರಲಿ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಬರೆದುಕೊಡಿ. ನಾವು ಬರೆದುಕೊಟ್ಟದ್ದು ಬದಲಾದ ಮೇಲೆ.

ಹೊಸಬಳು ಬಂದ ಏಳನೆಯ ದಿನ, ಮಧ್ಯಾಹ್ನ ಅತ್ತು ಕೆಂಪಾಗಿದ್ದ ಕೂಸನ್ನು ಎತ್ತಿಕೊಂಡು ಅವ್ವ ಹೊಸಬಳ ಮುಂದೆ ಕೂತು, ಅವಳ ಓಲೆಯನ್ನು ಬಿಚ್ಚಿಸಿ, ಕೂಸಿನ ಬೆರಳುಗಳನ್ನು ಅವಳ ಬಲಗಿವಿಗೆ ಹಿಡಿಸಿದಳು. ಹತ್ತು ನಿಮಿಷದಲ್ಲಿ ಕಣ್ಣು ಮುಚ್ಚಿತು. ಅಷ್ಟಕ್ಕೆ ಬಿಡದೆ, ಇದನ್ನು ಪುಸ್ತಕದಲ್ಲಿ ಬರಿ, ನಾಳೆ ನಿನ್ನ ದಿನವೂ ಮುಗಿಯುತ್ತದೆ ಎಂದು ಹಟ ಹಿಡಿದಳು. ಹಾಜರಿ ವಹಿಯಲ್ಲಿ ತೂಕಕ್ಕೆ, ತೋಳಿನ ಅಳತೆಗೆ, ಲಸಿಕೆಗೆ ಅಂಕಣಗಳಿದ್ದವು, ಕಿವಿಗೆ ಇರಲಿಲ್ಲ. ಹೊಸಬಳು ಸ್ವಲ್ಪ ಯೋಚಿಸಿ, ಕೊನೆಯಲ್ಲಿ ಖಾಲಿ ಇದ್ದ ಷರಾ ಅಂಕಣದಲ್ಲಿ ನಮ್ಮ ಕೂಸಿನ ಹೆಸರಿನ ಮುಂದೆ ನಿಧಾನವಾಗಿ ಬರೆದಳು: "ಬಲಗಿವಿ ಹಿಡಿದು ಮಲಗುತ್ತದೆ."